ರೋಲರ್ ಕೋಸ್ಟರ್ ಹತ್ತುವ ಮುನ್ನ ಕ್ಯಾಲೆಂಡರ್ ನೋಡಿ

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬರುವವರ ತೊಂದರೆಗಳಲ್ಲಿ ಎಷ್ಟೋ ಭಾನುವಾರದ್ದೇ ಆಗಿರುತ್ತವೆ. ಮದುವೆ ಊಟದ ಅಜೀರ್ಣ, ಕ್ರಿಕೆಟ್ ಆಡಿ ಉಳುಕಿಸಿಕೊಂಡ ಕಾಲು, ನಂದಿಬೆಟ್ಟದ ಚಳಿಗೆ ಕಟ್ಟಿದ ಮೂಗು. ಇವುಗಳ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಕತ್ತು ಹಿಡಿದುಕೊಂಡಿರುತ್ತದೆ, ಕೂಗಿ ಕೂಗಿ ಗಂಟಲು ಕಟ್ಟಿರುತ್ತದೆ, ಮಲಗಿದರೆ ಮಂಚವೇ ತೂಗಿದಂತಾಗುತ್ತದೆ. 'ಎಲ್ಲಿಗೆ ಹೋಗಿದ್ರಿ?' ಎಂದು ಕೇಳಿದರೆ 'ವಂಡರ್‌ಲಾಗೆ ಡಾಕ್ಟ್ರೇ' ಎಂಬ ಉತ್ತರ ಬರುತ್ತದೆ.

ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ ಈ ಪಾರ್ಕ್ ಶುರುವಾದದ್ದು 2005ರಲ್ಲಿ. ನಮ್ಮ ಹೂಡಿಯವರಿಗೆ ಅದು ಊರಿನ ಇನ್ನೊಂದು ತುದಿ. ಅಲ್ಲಿಗೆ ಹೋಗಿ ಬರುವುದೆಂದರೆ ಬೆಂಗಳೂರನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಹೋಗುವ ಸಾಹಸವಾಗಿತ್ತು. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಹೂಡಿಯಲ್ಲಿ ಹತ್ತಿದವರು ಗಾಡಿ ಬದಲಿಸದೆ ಮೈಸೂರು ರಸ್ತೆಯ ಚಲ್ಲಘಟ್ಟದಲ್ಲಿ ಇಳಿಯಬಹುದು. ಅಲ್ಲಿಂದ ಬಸ್ಸು. ಹೀಗಾಗಿ ಫ್ಯಾಕ್ಟರಿ ಶಿಫ್ಟಿನವರು, ಐಟಿಪಿಎಲ್‌ನ ಹುಡುಗ ಹುಡುಗಿಯರು, ಹೊಸದಾಗಿ ಮದುವೆಯಾದವರು ಒಂದೇ ದಿನದಲ್ಲಿ ಹೋಗಿ ಬರುವಂತಾಗಿದೆ.

ಹಾಗೆ ಹೋಗಿ ಬಂದ ದಂಪತಿಗಳೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿದ್ದೇನೆ. ಗಂಡನಿಗೆ 36, ಹೆಂಡತಿಗೆ 31. ಮದುವೆಯಾಗಿ ಐದು ವರ್ಷ, ಅಂದು ಅವರ ಮದುವೆಯ ವಾರ್ಷಿಕೋತ್ಸವ. ಬೆಳಗಿನ ಮೆಟ್ರೋ ಹಿಡಿದು, ಮೊದಲು ಬಿಡದಿಗೇ ಹೋಗಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಜೊತೆಗೆ ವಡೆ ತಿಂದು, ಅಲ್ಲಿಂದ ಆಟೋದಲ್ಲಿ ಹಿಂದಕ್ಕೆ ಪಾರ್ಕಿಗೆ ಬಂದಿದ್ದಾರೆ. ದಿನವಿಡೀ ಆಡಿದ್ದಾರೆ. ನನ್ನ ಬಳಿಗೆ ಬಂದದ್ದು ಹತ್ತು ದಿನಗಳ ನಂತರ. ಆಕೆಗೆ ಹೊಟ್ಟೆ ತೊಳೆಸುವುದು ನಿಂತಿರಲಿಲ್ಲ. 'ಜಯಂಟ್ ವ್ಹೀಲ್‌ನಲ್ಲಿ ತಿರುಗಿದ್ದು ಇನ್ನೂ ಇಳಿದಿಲ್ಲ ಅನ್ಸುತ್ತೆ ಸಾರ್' ಎಂದರು.

ಹತ್ತು ದಿನ ಇಳಿಯದ ಜಯಂಟ್ ವ್ಹೀಲ್ ಯಾವುದೂ ಇಲ್ಲ. 'ಮುಟ್ಟಾಗಿದ್ದು ಯಾವಾಗಮ್ಮ?' ಎಂದು ಕೇಳಿದೆ. ಆಕೆ ಗಂಡನ ಮುಖ ನೋಡಿದರು. ಪಾರ್ಕಿಗೆ ಹೋದ ದಿನವೇ ಮುಟ್ಟಾಗಬೇಕಿದ್ದ ದಿನ. ಆಗಿರಲಿಲ್ಲ. ಐದು ವರ್ಷದಲ್ಲಿ ಮೂರು ನಾಲ್ಕು ಸಲ ಹೀಗೆ ನಾಲ್ಕೈದು ದಿನ ತಡವಾಗಿ, ಆಸೆ ಹುಟ್ಟಿಸಿ, ಕೊನೆಗೆ ಆಗಿಬಿಟ್ಟಿತ್ತಂತೆ. ಅದಕ್ಕೇ ದಿನ ಎಣಿಸುವುದನ್ನೇ ಬಿಟ್ಟಿದ್ದರು. ಮೂತ್ರ ಪರೀಕ್ಷೆ ಮಾಡಿಸಿದೆ. ಎರಡು ಗೆರೆ ಬಂತು.

ಸಂತೋಷದಿಂದ ಕುಣಿಯಬೇಕಾದವರು ಕುರ್ಚಿಯಲ್ಲಿ ಕುಸಿದು ಕುಳಿತರು. 'ನಾನು ಎಲ್ಲಾ ಆಟ ಆಡಿಬಿಟ್ಟೆನಲ್ಲ ಸಾರ್. ಮಾತ್ರೆ ಬೇರೆ ನುಂಗಿದೀನಿ' ಎಂದು ಅಳತೊಡಗಿದರು. ಊರಿಂದ ಬಂದಿದ್ದ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಏನೆಂದು ಹೇಳುವುದು ಎಂಬುದು ಇನ್ನೊಂದು ಚಿಂತೆ. ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಆ ಆಟಗಳಲ್ಲಿ ನಮ್ಮ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನೀವು ಸ್ವಲ್ಪ ತಿಳಿದುಕೊಳ್ಳಬೇಕು.

ಕಿವಿಯೊಳಗಿನ ರಸಮಟ್ಟ

ಗಾರೆ ಕೆಲಸದವರ ರಸಮಟ್ಟ ನೋಡಿದ್ದೀರಲ್ಲ, ಒಳಗಿನ ಗುಳ್ಳೆ ನೋಡಿ ಗೋಡೆ ನೇರವಾಗಿದೆಯೇ ಎಂದು ತಿಳಿಯುತ್ತಾರೆ. ಅಂಥದೊಂದು ವ್ಯವಸ್ಥೆ ನಮ್ಮ ಎರಡೂ ಒಳಕಿವಿಗಳಲ್ಲಿದೆ. ಒಂದಕ್ಕೊಂದು ಅಡ್ಡವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳು, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ಈ ದ್ರವದ ಚಲನೆಯಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಬಕೆಟ್ಟಿನ ನೀರನ್ನು ಕೈಯಿಂದ ಗಿರಗಿರನೆ ತಿರುಗಿಸಿ ಕೈ ತೆಗೆಯಿರಿ. ಕೈ ನಿಂತರೂ ನೀರು ತಿರುಗುತ್ತಲೇ ಇರುತ್ತದೆ. ಆಟ ನಿಂತ ಮೇಲೂ ಭೂಮಿ ತಿರುಗಿದಂತೆ ಕಾಣುವುದು ಇದರಿಂದಲೇ. ನಾಗರಪಂಚಮಿಯ ಜೋಕಾಲಿಯಲ್ಲಿ, ಜಾತ್ರೆಯ ತೊಟ್ಟಿಲಿನಲ್ಲಿ, ದಸರಾ ವಸ್ತುಪ್ರದರ್ಶನದ ಜಯಂಟ್ ವ್ಹೀಲ್‌ನಲ್ಲಿ ನಮ್ಮ ಅಜ್ಜ ಅಜ್ಜಿಯರಿಗೂ ಆದದ್ದು ಇದೇ.

ವಾಂತಿ ಏಕೆ ಬರುತ್ತದೆ? ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಕಣ್ಣಿನ ಮುಂದಿನ ಸೀಟು ಅಲುಗಾಡುತ್ತಿಲ್ಲ, ಕಿವಿ ಮಾತ್ರ 'ತಲೆಕೆಳಗಾದೆ' ಎಂದು ಕೂಗುತ್ತಿದೆ. ಈ ಎರಡು ವರದಿ ತಾಳೆಯಾಗದಿದ್ದಾಗ ಮಿದುಳು ಗಲಿಬಿಲಿಗೊಂಡು ಹೊಟ್ಟೆಯ ಕಡೆಗೆ ಸಿಟ್ಟು ತಿರುಗಿಸುತ್ತದೆ. ಬಸ್ಸಿನಲ್ಲಿ ಪುಸ್ತಕ ಓದಿದರೆ, ಮೊಬೈಲ್ ನೋಡಿದರೆ ಸಂಕಟವಾಗುವುದೂ ಇದೇ ಕಾರಣಕ್ಕೆ. ಕಣ್ಣು ಮುಚ್ಚಿಕೊಂಡರೆ ಕೆಲವರಿಗೆ ಹೆಚ್ಚಾಗುತ್ತದೆ, ದೂರದ ಒಂದು ಮರವನ್ನೋ ಬೆಟ್ಟವನ್ನೋ ದಿಟ್ಟಿಸಿದರೆ ಕಡಿಮೆಯಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಅಪರೂಪ, ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ ಇನ್ನೂ ಹೆಚ್ಚು. ನಮ್ಮ ಈ ತಾಯಿ ಶಿರಾಡಿ ಘಾಟಿಯ ತಿರುವುಗಳಲ್ಲೂ ಒಂದು ದಿನ ವಾಂತಿ ಮಾಡಿದವರಲ್ಲವಂತೆ. ಅಂದು ಮಾತ್ರ ಮಕ್ಕಳೂ ಆಡುವ ಆಟದಲ್ಲಿ ಕಕ್ಕಿದರು. ತಪ್ಪನ್ನೆಲ್ಲ ತಟ್ಟೆ ಇಡ್ಲಿಯ ಮೇಲೆ ಹೊರಿಸಿದ್ದರು. ಪಾಪದ ತಟ್ಟೆ ಇಡ್ಲಿ ಏನೂ ಮಾಡಿರಲಿಲ್ಲ. ಎಣ್ಣೆಯಲ್ಲಿ ಅದ್ದಿದ ವಡೆಯ ಬಗ್ಗೆ ಆ ಮಾತು ಹೇಳಲಾರೆ.

ಇಂಥ ಆಟಕ್ಕೆ ಹೋಗುವಾಗ ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟು ತುಂಬಿದ ಹೊಟ್ಟೆಯೂ ಬೇಡ. ಎರಡು ಇಡ್ಲಿ ತಿಂದು ಒಂದು ಗಂಟೆ ಬಿಟ್ಟು ಹತ್ತಿದರೆ ಸಾಕು. ಬಸ್ಸಿನಲ್ಲಿ ವಾಂತಿಯಾಗುವವರು ಅವೋಮಿನ್ ಮಾತ್ರೆ ನುಂಗುವುದು ನಮ್ಮಲ್ಲಿ ರೂಢಿ. ಅದನ್ನು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ ಅಷ್ಟೆ. ಅದರಿಂದ ನಿದ್ದೆ ಬರುತ್ತದೆ, ಆದ್ದರಿಂದ ಸ್ಕೂಟರ್ ಓಡಿಸುವವರು ನುಂಗಬಾರದು.

ಗಂಡನ ಗುಟ್ಟು

ಹೆಂಡತಿಯ ರಿಪೋರ್ಟ್ ಬರೆಯುತ್ತಿದ್ದಾಗ ಗಂಡ ಮೆಲ್ಲಗೆ ತಮ್ಮದನ್ನೂ ಹೇಳಿದರು. ಅವರಿಗೆ ಎರಡು ವರ್ಷದಿಂದ ರಕ್ತದೊತ್ತಡ. ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಮೆಟೊಪ್ರೊಲಾಲ್ ಮಾತ್ರೆ ನುಂಗುವ ಅಭ್ಯಾಸ. ಅಂದು ತಿಂಡಿ ಬಿಡದಿಯಲ್ಲಿ, ಮಾತ್ರೆ ಹೂಡಿಯ ಮನೆಯ ಫ್ರಿಜ್ಜಿನ ಮೇಲೆ. ಹಿಂದಿನ ದಿನ ನೈಟ್ ಶಿಫ್ಟಿನಿಂದ ಬಂದು ಮಲಗಿದ್ದರಿಂದ ಅಂದಿನದೂ ತಪ್ಪಿತ್ತು. ಮುಂದಕ್ಕೆ ಓಡಿ, ತಲೆಕೆಳಗಾಗಿ, ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸು ಬರುವ ರೋಲರ್ ಕೋಸ್ಟರಿನಲ್ಲಿ ಎದೆ ನಗಾರಿಯಂತೆ ಹೊಡೆದುಕೊಂಡಿತು. ಇಳಿಯುವಾಗ ಕಣ್ಣು ಕತ್ತಲೆ ಬಂತು. 'ಇವಳಿಗೆ ಗಾಬರಿಯಾಗುತ್ತೆ ಅಂತ ಹೇಳ್ಲಿಲ್ಲ ಸಾರ್.' ಹೆಂಡತಿ ಬೆರಗಾಗಿ ನೋಡಿದರು. ಗಂಡನ ಸಂತೋಷ ಕೆಡಬಾರದೆಂದು ಆಕೆ ತಾರೀಕಿನ ವಿಷಯ ಹೇಳಿರಲಿಲ್ಲ. ಹೆಂಡತಿಯ ಸಂತೋಷ ಕೆಡಬಾರದೆಂದು ಈತ ಎದೆಯ ವಿಷಯ ಹೇಳಿರಲಿಲ್ಲ.

ರೋಲರ್ ಕೋಸ್ಟರಿನಲ್ಲಿ ಹೃದಯ ಎಷ್ಟು ವೇಗವಾಗಿ ಬಡಿಯುತ್ತದೆ ಎಂಬುದನ್ನು ಜರ್ಮನಿಯ ವೈದ್ಯರು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 55 ಮಂದಿಗೆ ಇಸಿಜಿ ಯಂತ್ರ ಕಟ್ಟಿ ಕೂರಿಸಿದ್ದರು. ಹತ್ತುವ ಮೊದಲು ನಿಮಿಷಕ್ಕೆ ಸುಮಾರು 90 ಇದ್ದ ಸರಾಸರಿ ಬಡಿತ, ಆಟದಲ್ಲಿ 150 ದಾಟಿತು. ಜೋರಾಗಿ ನಾಲ್ಕು ಮಹಡಿ ಹತ್ತಿದರೂ ಅಷ್ಟಾಗಬಹುದು. ಆದರೆ ಮೆಟ್ಟಿಲು ಹತ್ತುವಾಗ ನಿಧಾನವಾಗಿ ಏರುವುದು ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಏರಿಬಿಡುತ್ತದೆ. ಹೆದರಿಕೆಯಿಂದ ಹೊರಬರುವ ಅಡ್ರಿನಲಿನ್ ಎಂಬ ಹಾರ್ಮೋನು ಇದಕ್ಕೆ ಕಾರಣ. ಮೈ ಝುಂ ಎನ್ನುವುದು, ಇಳಿದ ಮೇಲೆ ಕಾರಣವಿಲ್ಲದೆ ನಗು ಬರುವುದು, ಪಕ್ಕದಲ್ಲಿದ್ದವರ ಕೈಯನ್ನು ಬಿಗಿಯಾಗಿ ಹಿಡಿಯುವುದು ಎಲ್ಲ ಅದರ ಕೃಪೆ. ಆರೋಗ್ಯವಂತರಿಗೆ ಇದು ಮಜಾ. ಹೃದಯದ ರಕ್ತನಾಳ ಕಿರಿದಾದವರಿಗೆ, ಬಡಿತದ ತಾಳ ತಪ್ಪುವವರಿಗೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡದವರಿಗೆ ಇದು ಪರೀಕ್ಷೆ, ಅದೂ ಆಸ್ಪತ್ರೆಯಿಂದ ದೂರದಲ್ಲಿ.

ನಮ್ಮ ಸ್ನೇಹಿತರು ನುಂಗುತ್ತಿದ್ದ ಮಾತ್ರೆಯ ಒಂದು ಗುಣವನ್ನು ನೀವು ತಿಳಿದಿರಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್ ಗುಂಪಿನ ಮಾತ್ರೆಗಳು ಹೃದಯಕ್ಕೆ ಕಡಿವಾಣ ಹಾಕುತ್ತವೆ. ಇವನ್ನು ಏಕಾಏಕಿ ನಿಲ್ಲಿಸಿದರೆ ಕಡಿವಾಣ ಕಳಚಿದ ಕುದುರೆಯಂತೆ ಹೃದಯ ಮೊದಲಿಗಿಂತ ಜೋರಾಗಿ ಓಡಬಹುದು. ಎರಡು ದಿನದ ಮಾತ್ರೆ ತಪ್ಪಿಸಿ, ಬಿಸಿಲಿನಲ್ಲಿ ಸರಿಯಾಗಿ ನೀರು ಕುಡಿಯದೆ ಸರದಿಯಲ್ಲಿ ನಿಂತು, ಆಮೇಲೆ ರೋಲರ್ ಕೋಸ್ಟರ್ ಹತ್ತಿದರೆ ಎದೆ ನಗಾರಿಯಾಗದೆ ಇನ್ನೇನಾದೀತು? ನಾನು ನೋಡಿದಾಗ ಅವರ ರಕ್ತದೊತ್ತಡ 156/98 ಇತ್ತು. ಇಸಿಜಿ ಸರಿಯಾಗಿತ್ತು. ಮಾತ್ರೆಯನ್ನು ಪ್ಯಾಂಟಿನ ಜೇಬಿನಲ್ಲೂ ಒಂದು ಇಟ್ಟುಕೊಳ್ಳಲು ಹೇಳಿದೆ.

ಬಸಿರಿನಲ್ಲಿ ಆಡಿಬಿಟ್ಟರೆ?

ಈಗ ಆಕೆಯ ಪ್ರಶ್ನೆಗೆ ಬರೋಣ. ಇದೇ ಪ್ರಶ್ನೆ ಹೊತ್ತು, ಯಾರನ್ನೂ ಕೇಳಲಾರದೆ, ರಾತ್ರಿಯೆಲ್ಲ ನಿದ್ದೆಗೆಟ್ಟ ಹೆಣ್ಣುಮಕ್ಕಳು ಬೇರೆಯವರೂ ಇದ್ದಾರು. ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವೈದ್ಯರು ಬಸಿರನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ಲೆಕ್ಕದಲ್ಲಿ ಪಾರ್ಕಿಗೆ ಹೋದ ದಿನ ಆಕೆಗೆ ನಾಲ್ಕು ವಾರ. ಆಗ ಭ್ರೂಣವೆಂಬುದು ಸಾಸಿವೆಗಿಂತಲೂ ಚಿಕ್ಕದು, ಗರ್ಭಕೋಶದ ಒಳಪದರದಲ್ಲಿ ಹುದುಗಿರುತ್ತದೆ. ಗರ್ಭಕೋಶ ಸುಮಾರು 12 ವಾರದವರೆಗೂ ಸೊಂಟದ ಮೂಳೆಗಳ ಬಟ್ಟಲಿನೊಳಗೇ ಇರುತ್ತದೆ. ಹೊರಗಿನ ಕುಲುಕಾಟ ಅಲ್ಲಿಗೆ ಮುಟ್ಟುವುದು ಕಷ್ಟ. ಓಡಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಸ್ಕೂಟರಿನಲ್ಲಿ ಹೂಡಿಯ ಗುಂಡಿಗಳ ಮೇಲೆ ಓಡಾಡಿದ್ದರಿಂದ ಆರೋಗ್ಯಕರ ಬಸಿರು ಇಳಿದುಹೋಗುವುದಿಲ್ಲ. ಖಚಿತಪಟ್ಟ ಬಸಿರುಗಳಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ನಿಲ್ಲುವುದುಂಟು. ಆರಂಭದ ವಾರಗಳಲ್ಲಿ ಹೀಗಾಗುವುದಕ್ಕೆ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ತಾಯಿ ಎಲ್ಲಿಗೆ ಹೋದಳು, ಏನು ಎತ್ತಿದಳು ಎಂಬುದಲ್ಲ. ಅತ್ತೆಯಂದಿರು ಇದನ್ನು ಎರಡು ಸಲ ಓದಬೇಕೆಂದು ನನ್ನ ವಿನಂತಿ.

ಹಾಗಾದರೆ ಗರ್ಭಿಣಿಯರು ಹತ್ತಬಾರದೆಂದು ಫಲಕ ಹಾಕುವುದೇಕೆ? ಎರಡು ಕಾರಣಗಳಿವೆ. ಗರ್ಭಿಣಿಯರನ್ನು ರೋಲರ್ ಕೋಸ್ಟರಿನಲ್ಲಿ ಕೂರಿಸಿ ಪರೀಕ್ಷೆ ಮಾಡುವ ವೈದ್ಯ ಯಾವ ದೇಶದಲ್ಲೂ ಸಿಗಲಾರ, ಹಾಗಾಗಿ 'ಏನೂ ಆಗುವುದಿಲ್ಲ' ಎಂದು ಬರೆದುಕೊಡುವ ಆಧಾರ ಯಾರ ಬಳಿಯೂ ಇಲ್ಲ. ಎರಡನೆಯದು ಹೆಚ್ಚು ಮುಖ್ಯ. ತಿಂಗಳು ತುಂಬುತ್ತ ಹೋದಂತೆ, ಅದರಲ್ಲೂ ಐದು ತಿಂಗಳಾದ ಮೇಲೆ, ಗರ್ಭಕೋಶ ಹೊಟ್ಟೆಯ ಮೇಲಕ್ಕೆ ಬಂದಿರುತ್ತದೆ. ವೇಗವಾಗಿ ಹೋಗುತ್ತಿದ್ದುದು ಥಟ್ಟನೆ ನಿಂತಾಗ ಗರ್ಭಕೋಶದ ಗೋಡೆ ಹಿಗ್ಗಿ ಕುಗ್ಗುತ್ತದೆ, ಒಳಗಿರುವ ಮಾಸು ಅಷ್ಟು ಹಿಗ್ಗಲಾರದು. ಮಾಸು ಗೋಡೆಯಿಂದ ಬಿಡಿಸಿಕೊಂಡರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಕಾರು ಅಪಘಾತಗಳಲ್ಲಿ ಹೊಟ್ಟೆಗೆ ಪೆಟ್ಟೇ ಬೀಳದಿದ್ದರೂ ಹೀಗಾದದ್ದುಂಟು. ಸುರಕ್ಷಾ ಕಂಬಿ ಹೊಟ್ಟೆಯ ಮೇಲೆ ಒತ್ತುವುದು, ಜಾರುಬಂಡೆಯಿಂದ ನೀರಿಗೆ ಧೊಪ್ಪನೆ ಬೀಳುವುದು ಕೂಡ ಆ ತಿಂಗಳುಗಳಲ್ಲಿ ಒಳ್ಳೆಯದಲ್ಲ. ಆದ್ದರಿಂದ ಬಸಿರೆಂದು ಗೊತ್ತಾದ ದಿನದಿಂದ, ಅನುಮಾನವಿದ್ದ ದಿನದಿಂದಲೂ, ಈ ಆಟಗಳು ಬೇಡ. ಗೊತ್ತಿಲ್ಲದೆ ಆಡಿಬಿಟ್ಟಿದ್ದರೆ ಕೊರಗುವುದೂ ಬೇಡ.

ಆಕೆ ಬಸ್ಸಿನಲ್ಲಿ ನುಂಗಿದ್ದು ಒಂದು ಅವೋಮಿನ್. ಅದರಲ್ಲಿರುವ ಪ್ರೊಮೆಥಜಿನ್ ಬಸುರಿಯರ ವಾಂತಿಗೂ ವೈದ್ಯರು ಬಹಳ ವರ್ಷಗಳಿಂದ ಕೊಡುತ್ತಿರುವ ಔಷಧಿಯೇ. ಮಾರನೆಯ ದಿನ ಮೈಕೈ ನೋವಿಗೆ ನುಂಗಿದ್ದು ಪ್ಯಾರಾಸಿಟಮಾಲ್, ಅದಕ್ಕೂ ಚಿಂತೆಯಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂಥ ನೋವಿನ ಮಾತ್ರೆಗಳನ್ನು ಮಾತ್ರ ಮುಟ್ಟು ತಪ್ಪಿದವರು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು.

ಮೂತ್ರ ಪರೀಕ್ಷೆಯ ಕಿಟ್ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಮುಟ್ಟಾಗಬೇಕಿದ್ದ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದರೆ ಫಲಿತಾಂಶ ಬಹುಪಾಲು ನಂಬಬಹುದು. ಪಾರ್ಕಿನ ಟಿಕೆಟ್ ತೆಗೆಯುವ ಮುನ್ನ ಮದುವೆಯಾದ ಹೆಣ್ಣುಮಕ್ಕಳು ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿಗೆ ಹೋದ ಮೇಲೆ ಸರದಿಯಲ್ಲಿ ಮುಕ್ಕಾಲು ಗಂಟೆ ನಿಂತು, ಮೆಟ್ಟಿಲ ಬಳಿ ಬಂದಾಗ ಫಲಕ ಓದಿ ಹಿಂದಿರುಗಿದವರನ್ನು ನಾನಂತೂ ಕಂಡಿಲ್ಲ. ಆ ಫಲಕವನ್ನು ಹಿಂದಿನ ರಾತ್ರಿ ಮನೆಯಲ್ಲೇ, ಗಂಡ ಹೆಂಡತಿ ಕೂತು ಓದಿಕೊಳ್ಳಬೇಕು. ಹೃದ್ರೋಗ, ರಕ್ತದೊತ್ತಡ, ಕತ್ತು–ಬೆನ್ನಿನ ತೊಂದರೆ, ಮೂರ್ಛೆರೋಗ, ಈಚೆಗೆ ಆದ ಆಪರೇಷನ್, ಬಸಿರು. ಇಷ್ಟೇ.

ಕತ್ತಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ತಿರುವಿನಲ್ಲಿ ಗುರುತ್ವದ ಮೂರು ಪಟ್ಟು ಒತ್ತಡ ಬಿದ್ದರೆ ಅದೇ ತಲೆ ಹದಿನೈದು ಕಿಲೋ ಅಕ್ಕಿ ಮೂಟೆಯಂತಾಗುತ್ತದೆ. ಹೊತ್ತಿರುವುದು ಸಪೂರ ಕತ್ತು. ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಇಟ್ಟುಕೊಳ್ಳಿ. ಪಕ್ಕದವರ ಮುಖ ನೋಡಲು ಕತ್ತು ತಿರುಗಿಸಬೇಡಿ, ಫೋಟೋ ಆಮೇಲೆ ತೆಗೆದುಕೊಳ್ಳಬಹುದು. ಕಂಬಿ ಅಥವಾ ಬೆಲ್ಟು ಗಟ್ಟಿಯಾಗಿ ಕೂತಿದೆಯೇ ಎಂದು ನೀವೇ ಒಮ್ಮೆ ಎಳೆದು ನೋಡಿ, ಸಂಶಯವಿದ್ದರೆ ಆಟ ಶುರುವಾಗುವ ಮೊದಲೇ ಕೈ ಎತ್ತಿ ಕೂಗಿ. ನಾಚಿಕೆ ಬೇಡ. 2025ರ ಏಪ್ರಿಲ್‌ನಲ್ಲಿ ದೆಹಲಿಯ ಪಾರ್ಕೊಂದರಲ್ಲಿ ಮದುವೆ ನಿಶ್ಚಯವಾಗಿದ್ದ ಯುವತಿಯೊಬ್ಬಳು ರೋಲರ್ ಕೋಸ್ಟರಿನಿಂದ ಬಿದ್ದು ತೀರಿಕೊಂಡಳು. ಜಡೆ, ದುಪಟ್ಟಾ, ಸೆರಗು ಬಿಗಿಯಾಗಿರಲಿ.

ಇನ್ನು ಒಂದು ತಮಾಷೆಯ ಮಾತು. ಅಮೆರಿಕದ ವೈದ್ಯರಿಬ್ಬರು ಮೂತ್ರಪಿಂಡದ ಮಾದರಿಯೊಂದನ್ನು ಮಾಡಿ, ಅದರಲ್ಲಿ ಕಲ್ಲುಗಳನ್ನಿಟ್ಟು, ಡಿಸ್ನಿ ಪಾರ್ಕಿನ ರೋಲರ್ ಕೋಸ್ಟರಿನಲ್ಲಿ ಮತ್ತೆ ಮತ್ತೆ ಕೂತು 2016ರಲ್ಲಿ ವರದಿ ಪ್ರಕಟಿಸಿದರು. ಹಿಂದಿನ ಸೀಟಿನಲ್ಲಿ ಕೂತಾಗ ನೂರಕ್ಕೆ ಸುಮಾರು 64 ಸಲ ಕಲ್ಲು ಜಾರಿತು, ಮುಂದಿನ ಸೀಟಿನಲ್ಲಿ ಸುಮಾರು 17 ಸಲ. ನಗಿಸುತ್ತಲೇ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2018ರಲ್ಲಿ ಅದಕ್ಕೆ ಬಂತು. ಇದನ್ನು ಓದಿ ಕಿಡ್ನಿ ಕಲ್ಲಿನವರು ನಾಳೆಯೇ ಬಿಡದಿಯ ಬಸ್ಸು ಹತ್ತಬೇಡಿ. ದೊಡ್ಡ ಕಲ್ಲು ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ಆ ನೋವಿನ ಮುಂದೆ ಯಾವ ರೋಲರ್ ಕೋಸ್ಟರಿನ ಕಿರುಚಾಟವೂ ಏನಲ್ಲ.

ಆಟವಾಡಿ ಬಂದ ರಾತ್ರಿ ಮಂಚ ತೂಗಿದಂತೆ ಅನ್ನಿಸಿದರೆ ಹೆದರಬೇಡಿ, ಮರುದಿನಕ್ಕೆ ಹೋಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಅರ್ಧ ನಿಮಿಷ ಕೋಣೆಯೇ ಗಿರ್ರನೆ ತಿರುಗಿದರೆ ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ವೈದ್ಯರು ಅದನ್ನು ಅಲ್ಲೇ ಸರಿಪಡಿಸುತ್ತಾರೆ. ಆದರೆ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ಕತ್ತಿನ ಒಂದೇ ಬದಿಯಲ್ಲಿ ಹಿಂದೆಂದೂ ಕಾಣದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಎದೆನೋವು, ಬಸುರಿಯರಲ್ಲಿ ರಕ್ತಸ್ರಾವ ಅಥವಾ ಹೊಟ್ಟೆ ಬಿಗಿಯುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಪಾರ್ಕಿಗೆ ಹೋಗಿದ್ದ ವಿಷಯವನ್ನೂ ವೈದ್ಯರಿಗೆ ತಿಳಿಸಿ. ಹಳೆಯ ಸುದ್ದಿಯೆಂದು ಬಿಡಬೇಡಿ, ಮಿದುಳಿನ ಹೊರಪದರದಲ್ಲಿ ರಕ್ತ ನಿಧಾನವಾಗಿ ಸೇರಿ ವಾರಗಳ ನಂತರ ತೊಂದರೆ ಕಾಣಿಸಿಕೊಂಡ ಅಪರೂಪದ ರೋಗಿಗಳೂ ಇದ್ದಾರೆ.

ನೀರಾಟದಿಂದ ಬರುವವರಿಗೆ ನನ್ನದೊಂದೇ ಮಾತು. ಒದ್ದೆ ಬಟ್ಟೆಯಲ್ಲೇ ಬಸ್ಸು, ಮೆಟ್ರೋ ಎಂದು ಎರಡು ಗಂಟೆ ಕೂರಬೇಡಿ. ತೊಡೆಯ ಸಂದಿನ ತುರಿಕೆಗೆ ಮುಲಾಮು ಕೇಳಿಕೊಂಡು ವಾರದ ನಂತರ ಬರುತ್ತೀರಿ. ಮೂತ್ರ ಕಟ್ಟಿಕೊಂಡು ಕೂರುವ ಹೆಣ್ಣುಮಕ್ಕಳು ಉರಿಮೂತ್ರ ಎಂದು ಎರಡೇ ದಿನಕ್ಕೆ ಬರುತ್ತೀರಿ.

ಅಂದು ಆಕೆಗೆ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟು, ಅತ್ತೆಯನ್ನು ಒಳಗೆ ಕರೆದು ಮೇಲಿನ ಸಂಗತಿಯನ್ನೆಲ್ಲ ಹೇಳಿದೆ. 'ಏನೋಪ್ಪ, ನಮ್ ಕಾಲದಲ್ಲಿ ನೀರು ಸೇದ್ತಾ ಇದ್ವಿ, ಏನೂ ಆಗಿಲ್ಲ' ಎಂದರು ಆ ತಾಯಿ. ನಾನು ಹೇಳಿದ್ದಕ್ಕಿಂತ ಅದು ಸೊಸೆಗೆ ಹೆಚ್ಚು ಸಮಾಧಾನ ಕೊಟ್ಟಂತೆ ಕಂಡಿತು. ಏಳನೆಯ ವಾರದಲ್ಲಿ ಸ್ತ್ರೀರೋಗ ತಜ್ಞರ ಬಳಿ ಮಾಡಿಸಿದ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕಂಡಿತು. ವರದಿ ತೋರಿಸಲು ಇಬ್ಬರೂ ಬಂದಿದ್ದರು. ಗಂಡನ ರಕ್ತದೊತ್ತಡ 128/82ಕ್ಕೆ ಇಳಿದಿತ್ತು. ಹೊರಡುವಾಗ ಆಕೆ, 'ಹೆರಿಗೆ ಆದ ಮೇಲೆ ಎಷ್ಟು ತಿಂಗಳಿಗೆ ಹೋಗಬಹುದು ಸಾರ್?' ಎಂದು ಕೇಳಿದರು. ಸಹಜ ಹೆರಿಗೆಯಾದರೆ ಒಂದೂವರೆ ತಿಂಗಳ ತಪಾಸಣೆಯಲ್ಲಿ ಎಲ್ಲ ಸರಿಯಿದೆಯೆಂದು ವೈದ್ಯರು ಹೇಳಿದ ಮೇಲೆ ಸಣ್ಣಪುಟ್ಟ ಆಟ, ಸಿಸೇರಿಯನ್ ಆದರೆ ಮೂರು ತಿಂಗಳಾದರೂ ಕಳೆಯಲಿ ಎಂದೆ. ಕೈಗೂಸನ್ನು ಎತ್ತಿಕೊಂಡು ಯಾವ ಆಟವನ್ನೂ ಹತ್ತುವಂತಿಲ್ಲ, ಒಬ್ಬರು ಆಡುವಾಗ ಇನ್ನೊಬ್ಬರು ಕೆಳಗೆ ಕೂಸಿನ ಜೊತೆ ಕೂತಿರಬೇಕು. 'ಹಾಗಾದ್ರೆ ಇವರೇ ಕೂತಿರ್ಲಿ' ಎಂದು ಆಕೆ ಗಂಡನ ಕಡೆ ನೋಡಿ ನಕ್ಕರು.